ಪಳೆಯುಳಿಕೆ ಚಿಪ್ಪು ಗುರುತಿಸಲು ಮೊದಲು ಕೀಲು ನೋಡಿ

ಚಿಪ್ಪಿಗೆ ಹೆಸರು ಹುಡುಕುವ ಮುನ್ನ ಅದು ಸಿಕ್ಕ ಜಾಗದ ಜಿಪಿಎಸ್ ಅಂಕಿ, ಕಲ್ಲಿನ ಬಗೆ, ಚಿಪ್ಪು ಪದರದೊಳಗೇ ಇತ್ತೋ ಉದುರಿ ಬಿದ್ದಿತ್ತೋ ಎಂಬುದನ್ನು ಬರೆದಿಡುತ್ತೇನೆ. ಭೂವೈಜ್ಞಾನಿಕ ನಕ್ಷೆಯಲ್ಲಿ ಆ ಪದರದ ಕಾಲ ಸಿಕ್ಕಿದರೆ ಎಷ್ಟೋ ಹೆಸರುಗಳು ಅಲ್ಲೇ ಬಿದ್ದುಹೋಗುತ್ತವೆ.

ಮಣ್ಣು ತೆಗೆಯಲು ಒಣ ಬ್ರಷ್, ಸೂಜಿ ಸಾಕು. ನೀರು ಸೋಕಿಸುವ ಮೊದಲು ಅದೇ ಕಲ್ಲಿನ ಚೂರನ್ನು ನೆನೆಸಿ ನೋಡುತ್ತೇನೆ. ಜೇಡಿಕಲ್ಲು ಉಬ್ಬಿ ಪುಡಿಯಾದರೆ ಚಿಪ್ಪೂ ಒಡೆಯುತ್ತದೆ. ವಿನೆಗರ್ ಬೇಡವೇ ಬೇಡ. ಚಿಪ್ಪೂ ಸುಣ್ಣವೇ ಆದ್ದರಿಂದ, ಗುರುತಿಗೆ ಬೇಕಾದ ಸಣ್ಣ ಗೀರುಗಳೇ ಮೊದಲು ಕರಗುತ್ತವೆ.

ಆಮೇಲೆ ಒಂದು ಕವಾಟವನ್ನು (ಚಿಪ್ಪಿನ ಎರಡು ಹೋಳುಗಳಲ್ಲಿ ಒಂದು) ಕೊಕ್ಕು, ಅಂದರೆ ಕೀಲಿನ ಬಳಿಯ ಚೂಪು ತುದಿ, ಮೇಲಾಗಿ ಹಿಡಿದು ಎಡಬಲ ಹೋಲಿಸುತ್ತೇನೆ. ಎಡಬಲ ಸಮವಿದ್ದು, ಎರಡು ಕವಾಟಗಳು ಮಾತ್ರ ಬೇರೆಬೇರೆ ಆಕಾರದಲ್ಲಿದ್ದರೆ ಬ್ರಾಕಿಯೋಪಾಡ್ ಇರಬಹುದು, ಅದು ಎರಡು ಕವಾಟಗಳ ಬೇರೊಂದು ಕಡಲಜೀವಿ ಗುಂಪು. ದೊಡ್ಡ ಕವಾಟದ ಕೊಕ್ಕಿನಲ್ಲಿ ದುಂಡನೆಯ ತೂತೂ ಇದ್ದರೆ ಅನುಮಾನ ಬಹುತೇಕ ಕಳೆಯುತ್ತದೆ. ಎಡಬಲ ಅಸಮವಿದ್ದು, ಕವಾಟಗಳು ಒಂದಕ್ಕೊಂದು ಪ್ರತಿಬಿಂಬದಂತಿದ್ದರೆ ದ್ವಿಕವಾಟಿ, ಅಂದರೆ ಸಿಂಪಿಗಳ ಗುಂಪು. ಗ್ರೈಫಿಯದಂಥ ಸಿಂಪಿಗಳಿಗೆ ಈ ನಿಯಮ ಒಗ್ಗುವುದಿಲ್ಲ, ಅವುಗಳ ಒಂದು ಕವಾಟ ಆಳವಾಗಿ ಬಾಗಿರುತ್ತದೆ, ಇನ್ನೊಂದು ಮುಚ್ಚಳದ ಹಾಗೆ ಚಪ್ಪಟೆ. ಪೆಕ್ಟೆನ್ ಎಂಬ ದ್ವಿಕವಾಟಿಯ ಕವಾಟವಂತೂ ಎಡಬಲ ಹೆಚ್ಚುಕಡಿಮೆ ಸಮವೇ. ಕಲ್ಲಿನ ಭಾರಕ್ಕೆ ಅದುಮಿ ವಿಕಾರಗೊಂಡ ಚಿಪ್ಪೂ ದಾರಿ ತಪ್ಪಿಸುತ್ತದೆ, ಹಾಗಾಗಿ ಅದೇ ಪದರದ ಹಲವು ಮಾದರಿಗಳನ್ನು ಒಟ್ಟಿಗೆ ನೋಡುವುದು ಒಳ್ಳೆಯದು.

ದ್ವಿಕವಾಟಿಯಲ್ಲಿ ನಾನು ನಂಬುವುದು ಕೀಲನ್ನು, ಅಂದರೆ ಎರಡು ಕವಾಟಗಳು ಹಲ್ಲಿನಂಥ ಉಬ್ಬುಗಳಿಂದ ಕೂಡುವ ಅಂಚನ್ನು. ಹೊರರೂಪ ಎಷ್ಟೋ ಗುಂಪುಗಳಲ್ಲಿ ಒಂದೇ ಥರ ಇರುತ್ತದೆ. ಆರ್ಕಾ ಗುಂಪಿನಲ್ಲಿ ಸಾಲಾಗಿ ಪುಟ್ಟ ಹಲ್ಲುಗಳು, ವೀನಸ್ ಗುಂಪಿನಲ್ಲಿ ಕೊಕ್ಕಿನ ಕೆಳಗೆ ಕೆಲವೇ ಗಟ್ಟಿ ಹಲ್ಲುಗಳು, ಟ್ರೈಗೋನಿಯದಲ್ಲಿ ಅಡ್ಡಗೀರಿರುವ ದಪ್ಪ ಹಲ್ಲುಗಳು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು, ಕೀಲಿಗೆ ಅಂಟಿದ ಕಲ್ಲನ್ನು ಸೂಜಿಯಿಂದ ಕಣಕಣವಾಗಿ ಬಿಡಿಸಬೇಕು. ತಾಳ್ಮೆ ಬೇಕಾದ ಕೆಲಸ, ಆದರೆ ಬೇರಾವುದೂ ಇಷ್ಟು ಫಲ ಕೊಡುವುದಿಲ್ಲ.

ಹವ್ಯಾಸಿಗಳಿಗೆ ಸಿಗುವುದರಲ್ಲಿ ಎಷ್ಟೋ ಚಿಪ್ಪೇ ಅಲ್ಲ, ಒಳಗೆ ತುಂಬಿದ ಕೆಸರು ಗಟ್ಟಿಯಾದ ಅಚ್ಚು. ಚಿಪ್ಪಿನ ಸುಣ್ಣದಲ್ಲಿ ಅರಾಗೊನೈಟ್, ಕ್ಯಾಲ್ಸೈಟ್ ಎಂಬ ಎರಡು ಖನಿಜರೂಪಗಳಿವೆ; ಅರಾಗೊನೈಟ್ ಚಿಪ್ಪು ಕ್ಯಾಲ್ಸೈಟಿಗಿಂತ ಬೇಗ ಕರಗಿಹೋಗುತ್ತದೆ, ಅಚ್ಚು ಉಳಿಯುತ್ತದೆ. ಅದರಲ್ಲಿ ಎಲ್ಲವೂ ತಿರುವುಮುರುವು: ಹಲ್ಲಿದ್ದಲ್ಲಿ ಗುಳಿ, ಸ್ನಾಯು ಅಂಟಿಕೊಂಡಿದ್ದ ತಗ್ಗಾದ ಗುರುತಿದ್ದಲ್ಲಿ ಉಬ್ಬು. ಇದನ್ನು ಚಿಪ್ಪಿನ ಹೊರಮೈ ಚಿತ್ರಕ್ಕೆ ಹೋಲಿಸಿದರೆ ಹೆಸರು ತಪ್ಪುತ್ತದೆ. ಕೀಲಿನ ಭಾಗಕ್ಕೆ ಮಾಡೆಲಿಂಗ್ ಕ್ಲೇ ಮೆಲ್ಲಗೆ ಒತ್ತಿ ತೆಗೆದರೆ ಹಲ್ಲುಗಳ ನಿಜರೂಪ ಕಾಣುತ್ತದೆ.

ಫೋಟೊಗೆ ಮೇಲಿನ ಎಡಬದಿಯಿಂದ ಓರೆಯಾಗಿ ಒಂದೇ ಬೆಳಕು, ಪಕ್ಕದಲ್ಲಿ ಮಿಲಿಮೀಟರ್ ಅಳತೆಪಟ್ಟಿ. ಹೊರಮೈ, ಒಳಮೈ, ಬದಿ, ಕೀಲು ನಾಲ್ಕೂ ಬೇಕು. ಕೀಲು ಕಾಣದಿದ್ದರೆ ಚೀಟಿಯಲ್ಲಿ ಪ್ರಭೇದ ಬರೆಯದೆ ಕುಲದ (ಜೀನಸ್) ಹೆಸರಿಗೇ ನಿಲ್ಲುತ್ತೇನೆ, ಅದೂ ಅನುಮಾನವಿದ್ದರೆ ಮುಂದೆ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ.