ಹಳೇ ಬಾಗಿಲಿನ ಬಣ್ಣ ತೆಗೆಯಿರಿ, ಘಾಟೂ ಬೇಡ ದೂಳೂ ಬೇಡ

ಕಲಬುರಗಿಯ ಬ್ರಹ್ಮಪುರದಂಥ ಹಳೇ ಬಡಾವಣೆಗಳಲ್ಲಿ ಸಾಗವಾನಿ ಬಾಗಿಲು, ಕಿಟಕಿಗಳು ಇನ್ನೂ ಗಟ್ಟಿಯಾಗಿವೆ. ದೀಪಾವಳಿಗೊಮ್ಮೆ, ಮದುವೆಗೊಮ್ಮೆ ಅಂತ ಬಳಿದ ಆಯಿಲ್ ಪೇಂಟ್ ಕೆಳಗೆ ಕೆತ್ತನೆ ಮುಚ್ಚಿಹೋಗಿದೆ, ಅಷ್ಟೇ. ಅಂಗಡಿಯ ರಿಮೂವರ್ ಹಚ್ಚಿದರೆ ಬಣ್ಣ ಬೇಗ ಏಳುತ್ತದೆ, ನಿಜ. ಆದರೆ ಘಾಟು ಹೊಡೆಯುವ ಹಲವು ರಿಮೂವರ್‌ಗಳಲ್ಲಿ ಇರುವುದು ಮೀಥಿಲೀನ್ ಕ್ಲೋರೈಡ್. ಅದರ ಆವಿ ಮೈಯೊಳಗೆ ಹೋಗಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಆಗುತ್ತದೆ. ಅಮೆರಿಕದಲ್ಲಿ ಇಂಥವನ್ನು ಮನೆಬಳಕೆಗೆ ಮಾರುವುದನ್ನು 2019ರಲ್ಲೇ ನಿಷೇಧಿಸಿದ್ದಾರೆ.

ಇನ್ನೊಂದು ಅಪಾಯಕ್ಕೆ ವಾಸನೆಯೇ ಇಲ್ಲ. ಅದು ಸೀಸ. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವಾದರೆ ಸೀಸ ಇದೆ ಅಂತಲೇ ತಿಳಿಯಿರಿ. ಒಣ ಬಾಗಿಲಿಗೆ ಪಾಲಿಶ್ ಪೇಪರ್ ಉಜ್ಜಿದಾಗ ಏಳುವ ದೂಳು ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ. ಹಾಗಾಗಿ ಏನೇ ಕೆರೆದರೂ ಒದ್ದೆ ಮಾಡಿಕೊಂಡೇ ಕೆರೆಯಿರಿ.

ಬಣ್ಣ ಎಲ್ಲೂ ಏಳದೆ ಗಟ್ಟಿಯಾಗಿದ್ದರೆ ಪೂರ್ತಿ ತೆಗೆಯುವ ಗೋಜಿಗೇ ಹೋಗಬೇಡಿ. ತೊಳೆದು, ವಾಟರ್ ಪೇಪರ್‌ನಿಂದ ಒದ್ದೆಯಾಗಿಯೇ ಹಗುರಾಗಿ ಉಜ್ಜಿ, ಮೇಲೆ ಹೊಸ ಬಣ್ಣ ಬಳಿದರೆ ಸಾಕು.

ಸೋಡಾ ಗಂಜಿ

ಬಾಗಿಲು ಕಳಚಲು ಬಂದರೆ ಅಂಗಳಕ್ಕೆ ಒಯ್ಯಿರಿ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಮಕ್ಕಳು, ಬಸುರಿಯರು ಆ ಕಡೆ ಬರುವುದು ಬೇಡ. ರಬ್ಬರ್ ಕೈಗವಸು, ಕನ್ನಡಕ, ಎನ್95 ಮಾಸ್ಕ್ ಹಾಕಿಕೊಳ್ಳಿ. ಕರ್ಚೀಫ್ ಕಟ್ಟಿಕೊಂಡರೆ ಸಾಲದು.

ಬಟ್ಟೆ ಸೋಡಾ, ಅಂದರೆ ವಾಷಿಂಗ್ ಸೋಡಾ ತನ್ನಿ. ಅಡುಗೆ ಸೋಡಾ ಈ ಕೆಲಸಕ್ಕೆ ಬರುವುದಿಲ್ಲ. ಅರ್ಧ ಲೀಟರ್ ನೀರಿಗೆ ಮೈದಾ ಹಾಕಿ ದಪ್ಪ ಗಂಜಿ ಕಾಯಿಸಿ, ಬಿಸಿ ಇರುವಾಗಲೇ ಒಂದು ಲೋಟ ಸೋಡಾ ಕಲಸಿ. ಬಾಗಿಲನ್ನು ಮಲಗಿಸಿ, ಬೆರಳಿನ ಅರ್ಧ ದಪ್ಪಕ್ಕೆ ಬಳಿಯಿರಿ. ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ ಅಂಚು ಒತ್ತಿ. ಇದನ್ನು ಮಾತ್ರ ಮರೆಯಬೇಡಿ. ನಮ್ಮ ಬಿಸಿಲಿಗೆ ಗಂಜಿ ಸುಮ್ನೆ ಒಣಗಿ ಹಪ್ಪಳವಾಗುತ್ತದೆ, ಬಣ್ಣ ಅಲ್ಲಾಡುವುದೂ ಇಲ್ಲ. ಸೋಡಾ ಕೆಲಸ ಮಾಡುವುದು ಹಸಿ ಇರುವ ತನಕ ಮಾತ್ರ. ಎಣ್ಣೆಬಣ್ಣದ ಎಣ್ಣೆಯನ್ನು ಅದು ನಿಧಾನಕ್ಕೆ ಸಾಬೂನಿನಂತೆ ಮಾಡಿ ಸಡಿಲಿಸುತ್ತದೆ.

ನೆರಳಲ್ಲಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೂಲೆಯಲ್ಲಿ ಬಣ್ಣ ಕೆರೆಯುವ ಪಟ್ಟಿ ಆಡಿಸಿ ನೋಡಿ. ಬಣ್ಣ ಸುಕ್ಕುಗಟ್ಟಿ ಮೆತ್ತಗೆ ಬಂದರೆ, ಮರದ ಎಳೆಯ ಗುಂಟ ಕೆರೆಯಿರಿ, ಅಡ್ಡಡ್ಡ ಬೇಡ. ಕೆತ್ತನೆಯ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್, ಚೂಪು ಮಾಡಿದ ಬಿದಿರು ಕಡ್ಡಿ ಸಾಕು. ಕಬ್ಬಿಣದ ಮೊನೆ ಹಾಕಿದರೆ ಹೂವಿನ ಎಸಳೇ ಹಾರಿಹೋಗುತ್ತದೆ. ಹತ್ತಾರು ಪದರ ಇದ್ದರೆ ಎರಡು ಮೂರು ಸಲ ಬಳಿಯಬೇಕಾಗುತ್ತದೆ. ಇದು ತಾಳ್ಮೆಯ ಕೆಲಸವೇ.

ಬೇಗ ಆಗಲಿ ಅಂತ ಕಾಸ್ಟಿಕ್ ಸೋಡಾ ಮುಟ್ಟಬೇಡಿ. ಕೈ ಸುಡುತ್ತದೆ, ಸಾಗವಾನಿಯೂ ಕಪ್ಪಾಗುತ್ತದೆ. ಬಟ್ಟೆ ಸೋಡಾದಿಂದಲೂ ಮರ ಸ್ವಲ್ಪ ಕಂದಬಹುದು, ಮೊದಲು ಬಾಗಿಲ ಹಿಂಬದಿಯಲ್ಲಿ ನೋಡಿಕೊಳ್ಳಿ. ಬಿಸಿಗಾಳಿ ಊದುವ ಹೀಟ್ ಗನ್ ಇದ್ದರೆ 500 ಡಿಗ್ರಿ ಸೆಲ್ಸಿಯಸ್ ಒಳಗೇ ಇಡಿ, ಗಾಜಿನ ಹತ್ತಿರ ಬೇಡ. ಬೆಂಕಿಯ ಜ್ವಾಲೆಯಂತೂ ಬೇಡವೇ ಬೇಡ, ಸೀಸ ಹೊಗೆಯಾಗಿ ಏಳುತ್ತದೆ.

ಬಿಜಾಗರಿ, ಚಿಲಕಗಳನ್ನು ಹಳೇ ಸ್ಟೀಲ್ ಪಾತ್ರೆಯಲ್ಲಿ ಸೋಡಾ ನೀರಿಗೆ ಹಾಕಿ ಕುದಿಸಿದರೆ ಬಣ್ಣ ತಾನೇ ಬಿಡುತ್ತದೆ. ಆ ಪಾತ್ರೆ ಮತ್ತೆ ಅಡುಗೆಗೆ ಬೇಡ. ಅಲ್ಯೂಮಿನಿಯಂ ಸಾಮಾನು ಹಾಕಬೇಡಿ, ಸೋಡಾ ಅದನ್ನು ತಿನ್ನುತ್ತದೆ.

ತೊಳೆದು ಒಣಗಿಸುವಾಗ

ಮರವನ್ನು ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ. ಆಮೇಲೆ ನೀರು ಬೆರೆಸಿದ ಬಿಳಿ ವಿನೆಗರ್‌ನಿಂದ ಒಮ್ಮೆ, ಕೊನೆಗೆ ಬರೀ ನೀರಿನಿಂದ ಒಮ್ಮೆ. ವಿನೆಗರ್ ನೆಲಕ್ಕೆ ಬೀಳದಂತೆ ನೋಡಿಕೊಳ್ಳಿ. ನಮ್ಮ ಮನೆಗಳ ಶಹಾಬಾದ್ ಕಲ್ಲು ಸುಣ್ಣದ ಕಲ್ಲು ಅಲ್ವಾ, ಹುಳಿ ಬಿದ್ದಲ್ಲಿ ಕಲೆ ಉಳಿಯುತ್ತದೆ. ಬಾಗಿಲು ನೆರಳಲ್ಲೇ ಒಣಗಲಿ. ಬಿಸಿಲಿಗಿಟ್ಟರೆ ಸೀಳುತ್ತದೆ.

ಕೆರೆದ ಬಣ್ಣವನ್ನು ಗಟ್ಟಿ ಚೀಲದಲ್ಲಿ ಕಟ್ಟಿ, ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ. ಗಟಾರಕ್ಕೂ ಗಿಡದ ಬುಡಕ್ಕೂ ಸುರಿಯಬೇಡಿ. ಬಣ್ಣ ಅಂಟಿದ ಹಳೇ ಚೌಕಟ್ಟಿನ ಕಟ್ಟಿಗೆಯನ್ನು ಸ್ನಾನದ ನೀರು ಕಾಯಿಸಲು ಒಲೆಗೆ ಹಾಕುವವರು ಜಾಸ್ತಿ. ದಯವಿಟ್ಟು ಬೇಡ, ಸೀಸ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ.

ಪೂರ್ತಿ ಒಣಗಿದ ಮೇಲೆ ಕಾಯಿಸಿದ ಅಗಸಿ ಎಣ್ಣೆ, ಅಂದರೆ ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಲಿನ್ಸೀಡ್, ತೆಳುವಾಗಿ ಒರೆಸಿ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಆಮೇಲೆ ಕಸಕ್ಕೆ ಹಾಕಿ.