ಎಷ್ಟು ಗಂಟೆಗೆ ತಲುಪ್ತೀವಿ ಅಂತ ನಾವು ಯಾರಿಗೂ ಹೇಳಲ್ಲ

ಫ್ಯಾಮಿಲಿ ಕೂರಿಸ್ಕೊಂಡು ಕಾರಲ್ಲಿ ದೂರ ಹೋಗೋದು ನಂಗೆ ಏಳೆಂಟು ವರ್ಷದಿಂದ ಅಭ್ಯಾಸ. ಸೀಟ್ ಬೆಲ್ಟ್ ಹಾಕಿ, ಸ್ಪೀಡ್ ಕಡಿಮೆ ಮಾಡಿ ಅನ್ನೋದು ಎಲ್ರಿಗೂ ಗೊತ್ತಿರೋ ವಿಷಯ, ಹಾಗಾಗಿ ನಾನು ಹೇಳೋಕೆ ಹೊರಟಿರೋದು ನಮ್ಮನೇಲಿ ನಿಜವಾಗಿ ಏನು ಬದಲಾಯ್ತು, ಯಾಕೆ ಬದಲಾಯ್ತು ಅನ್ನೋದನ್ನ.

ಮಗಳಿಗೆ ಆಗ 2 ವರ್ಷ. ರಾತ್ರಿ ಹೊರಟ್ರೆ ಟ್ರಾಫಿಕ್ ಇರಲ್ಲ, ಮಗು ಮಲಗಿರುತ್ತೆ, ಬಿಸಿಲೂ ಇಲ್ಲ ಅಂತ ನಂದೇ ಪ್ಲಾನ್. ಬೆಳಿಗ್ಗೆ 6ಕ್ಕೆ ಎದ್ದು ಇಡೀ ದಿನ ಕೆಲಸ ಮಾಡಿ, ಬಂದು ಪ್ಯಾಕಿಂಗ್ ಮಾಡಿ, ರಾತ್ರಿ 11ಕ್ಕೆ ಸ್ಟೇರಿಂಗ್ ಹಿಡಿದೆ. ಅಲ್ಲಿರೋರಿಗೆ ಬೆಳಿಗ್ಗೆ 7ಕ್ಕೆ ಬಂದಿರ್ತೀವಿ ಅಂತ ಫೋನ್ ಮಾಡಿ ಹೇಳಿಯೂ ಆಗಿತ್ತು. ಮೂರೂವರೆ ಹತ್ತಿರ ಎಲ್ಲರೂ ನಿದ್ದೆ, ನಾನೊಬ್ನೇ ಎಚ್ಚರ, ಅಥವಾ ಎಚ್ಚರ ಇದ್ದೀನಿ ಅಂದ್ಕೊಂಡಿದ್ದೆ, ಇದ್ದಕ್ಕಿದ್ದಂಗೆ ರಸ್ತೆ ಅಂಚಿನ ಉಬ್ಬುಗಳ ಮೇಲೆ ಟೈರ್ ಹತ್ತಿ ಗರ್ರ್ ಅಂತ ಸದ್ದು ಬಂತು, ಸ್ಟೇರಿಂಗ್ ನಡುಗ್ತು, ಹಿಂದೆ ಅಮ್ಮ ಬೆಚ್ಚಿಬಿದ್ದು ಎದ್ರು. ಏನೂ ಆಗ್ಲಿಲ್ಲ. ಆದ್ರೆ ಅದಕ್ಕಿಂತ ಹಿಂದಿನ ಒಂದು ಕಿಲೋಮೀಟರ್ ಹೆಂಗೆ ಓಡಿಸಿದೆ ಅನ್ನೋದು ನಂಗೆ ಇವತ್ತಿಗೂ ನೆನಪಿಲ್ಲ.

ಆಮೇಲೆ ಲೆಕ್ಕ ಹಾಕ್ದೆ. ಗಂಟೆಗೆ 90 ಕಿಮೀ ಅಂದ್ರೆ ಸೆಕೆಂಡಿಗೆ 25 ಮೀಟರ್. 4 ಸೆಕೆಂಡ್ ತೂಕಡಿಸಿದ್ರೆ 100 ಮೀಟರ್ ಕಾರು ತನ್ನ ಪಾಡಿಗೆ ತಾನು ಹೋಗಿರುತ್ತೆ, ಒಳಗೆ ನಮ್ಮನೆಯವರೆಲ್ಲ ಇರ್ತಾರೆ. 17 ಗಂಟೆ ನಿದ್ದೆ ಇಲ್ದೆ ಇದ್ದವರ ಕೈ-ಕಣ್ಣಿನ ಹಿಡಿತ ರಕ್ತದಲ್ಲಿ 0.05% ಆಲ್ಕೋಹಾಲ್ ಇರೋರ ಮಟ್ಟಕ್ಕೆ ಇಳಿಯುತ್ತೆ ಅಂತ 1997ರಲ್ಲೇ ನೇಚರ್ ಪತ್ರಿಕೆಯಲ್ಲಿ ಬಂದಿದೆ. ನಾನು ಆಗ ಎದ್ದು 21 ಗಂಟೆ ದಾಟಿತ್ತು. ಕುಡಿದು ಗಾಡಿ ಓಡ್ಸೋರನ್ನ ಕಂಡ್ರೆ ನಂಗಾಗಲ್ಲ, ಅಂಥಾ ನಾನು ಮಗು ಕೂರಿಸ್ಕೊಂಡು ಹೆಚ್ಚುಕಡಿಮೆ ಅದೇ ಸ್ಥಿತಿಲಿ ಓಡಿಸ್ತಿದ್ದೆ.

ಒಂದು ಗಂಟೆ ಮುಂಚೆನೇ ಕಣ್ಣು ಉರೀತಿತ್ತು, ಆಕಳಿಕೆ ಬರ್ತಿತ್ತು, ಆದ್ರೂ ಯಾಕೆ ನಿಲ್ಲಿಸ್ಲಿಲ್ಲ ಅಂತ ಆಮೇಲೆ ಹೆಂಡ್ತಿ ಕೇಳಿದ್ಲು. ಯೋಚನೆ ಮಾಡಿದ್ರೆ ಉತ್ತರ ಒಂದೇ, 7ಕ್ಕೆ ಬರ್ತೀವಿ ಅಂತ ಹೇಳಿದ್ದೆ. ಕಾಯ್ತಿರ್ತಾರೆ ಅನ್ನೋದು ತಲೇಲಿತ್ತು. ಅವತ್ತಿಂದ ನಾವು ಟೈಮ್ ಹೇಳೋದನ್ನೇ ಬಿಟ್ವಿ. "ಸಂಜೆ ಬರ್ತೀವಿ, ಕತ್ತಲಾಗೋ ಥರ ಇದ್ರೆ ದಾರೀಲಿ ಉಳ್ಕೊಂಡು ನಾಳೆ ಬರ್ತೀವಿ" ಇಷ್ಟೇ ಹೇಳೋದು. ಸಣ್ಣ ವಿಷಯ ಅನ್ಸುತ್ತೆ, ಆದ್ರೆ ನಾನು ಮಾಡಿದ ಬದಲಾವಣೆಗಳಲ್ಲಿ ಅತೀ ದೊಡ್ಡದು ಇದೇ, ಉಳಿದಿದ್ದೆಲ್ಲ ಇದರ ಹಿಂದೆ ಬಂತು.

ಸ್ಪೀಡ್ ವಿಷಯಾನೇ ತಗೊಳ್ಳಿ. 240 ಕಿಮೀ ದೂರನ 80ರಲ್ಲಿ ಹೋದ್ರೆ 3 ಗಂಟೆ, 100ರಲ್ಲಿ ಹೋದ್ರೆ 2 ಗಂಟೆ 24 ನಿಮಿಷ. ಎಲ್ಲೂ ನಿಲ್ಲದೆ ಒಂದೇ ಸಮ ಹೋದ್ರೂ ಉಳಿಯೋದು 36 ನಿಮಿಷ, ಅದೂ ಒಂದು ಟೋಲ್ ಸಾಲಲ್ಲಿ ಅರ್ಧ ಕರಗಿ ಹೋಗುತ್ತೆ. ಆದ್ರೆ 100ರಲ್ಲಿ ಹೋಗೋ ಕಾರಿನ ಹೊಡೆತದ ಶಕ್ತಿ 80ಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ, ಬ್ರೇಕ್ ಹಿಡಿದ್ಮೇಲೆ ನಿಲ್ಲೋಕೆ ಬೇಕಾದ ದೂರನೂ ಅಷ್ಟೇ ಪಟ್ಟು ಬೆಳೆಯುತ್ತೆ. ತಲುಪೋ ಟೈಮ್ ಅಂತಾನೇ ಇಲ್ದಿದ್ಮೇಲೆ ಆ 36 ನಿಮಿಷಕ್ಕೆ ಬೆಲೆನೇ ಇಲ್ಲ ನೋಡಿ.

ಈಗ ಹೊರಡೋದು ಬೆಳಕು ಹರಿದ್ಮೇಲೆ. ಹಿಂದಿನ ರಾತ್ರಿ ಓಡಿಸೋರಿಗೆ ಪೂರ್ತಿ ನಿದ್ದೆ, ಪ್ಯಾಕಿಂಗ್ ಕೆಲಸ ಇನ್ನೊಬ್ರದ್ದು. 2 ಗಂಟೆಗೊಮ್ಮೆ ನಿಲ್ಲಿಸ್ತೀವಿ, ನಿದ್ದೆ ಬರ್ಲಿ ಬಿಡ್ಲಿ. ಮಧ್ಯಾಹ್ನ 2ರಿಂದ 4ರ ನಡುವೆ ದೇಹ ತಾನಾಗೇ ಜಡ ಆಗುತ್ತೆ, ಬೆಳಗಿನ ಜಾವ 2ರಿಂದ 5 ಅಂತೂ ಇನ್ನೂ ಕೆಟ್ಟದು. ತೂಕಡಿಕೆ ಶುರುವಾದ್ರೆ ಗ್ಲಾಸ್ ಇಳಿಸೋದು, ಜೋರಾಗಿ ಹಾಡು ಹಾಕೋದು, ಮುಖಕ್ಕೆ ನೀರು ಚಿಮುಕಿಸೋದು ಇದೆಲ್ಲ ಹತ್ತು ನಿಮಿಷದ ಮಾತು, ನಾನು ಎಲ್ಲಾ ಮಾಡಿ ನೋಡಿದೀನಿ. ಕೆಲಸ ಮಾಡಿದ್ದು ಒಂದೇ, ಸೇಫ್ ಜಾಗದಲ್ಲಿ ನಿಲ್ಲಿಸಿ ಒಂದು ಕಪ್ ಕಾಫಿ ಕುಡಿದು ತಕ್ಷಣ 15-20 ನಿಮಿಷ ಮಲಗೋದು. ಕಾಫಿ ಮೈಗೆ ಹತ್ತೋಕೆ ಸುಮಾರು ಅಷ್ಟೇ ಹೊತ್ತು ಬೇಕು, ಏಳೋ ಹೊತ್ತಿಗೆ ಎರಡೂ ಸೇರಿ ಕೆಲಸ ಮಾಡುತ್ತೆ. ಎದ್ದ ತಕ್ಷಣ ಮಂಪರು ಇರುತ್ತೆ, ಹಾಗಾಗಿ ಐದು ನಿಮಿಷ ನಡೆದಾಡಿ ಆಮೇಲೆ ಓಡಿಸಿ. ಇದು ಕೂಡ ಒಂದೆರಡು ಗಂಟೆಗೆ ಅಷ್ಟೇ, ರಾತ್ರಿ ನಿದ್ದೆಗೆ ಬದಲಿ ಅಲ್ಲ. ನನ್ನ ಹೆಂಡ್ತಿಯೂ ಓಡಿಸ್ತಾಳೆ, ಪಕ್ಕದಲ್ಲಿ ಕೂತೋರು ನಿದ್ದೆ ಮಾಡ್ಬಾರ್ದು ಅನ್ನೋ ರೂಲ್ ಇಬ್ರಿಗೂ ಇದೆ. "ರೀ, ಎರಡ್ಸಲ ಗೆರೆ ದಾಟಿದ್ರಿ, ಸೈಡಿಗೆ ಹಾಕಿ" ಅಂತ ಅವಳು ಅಂದ್ರೆ ವಾದ ಮಾಡೋ ಹಾಗಿಲ್ಲ, ನಾನು ಅಂದ್ರೂ ಅಷ್ಟೇ.

ಇನ್ನೊಂದು ದೊಡ್ಡ ಬದಲಾವಣೆ ಮಗುವಿನ ಸೀಟು. ಆ ರಾತ್ರಿ ಮಗಳು ಮಲಗಿದ್ದು ನನ್ನ ಅಮ್ಮನ ಮಡಿಲಲ್ಲಿ. ವಾಪಸ್ ಬಂದ ಮೇಲೆ ಚೈಲ್ಡ್ ಸೀಟ್ ತಂದಾಗ ಅಮ್ಮನಿಗೆ ನಿಜವಾಗ್ಲೂ ಬೇಜಾರಾಯ್ತು. "ನಿಮ್ಮನ್ನೆಲ್ಲ ಮಡಿಲಲ್ಲೇ ಇಟ್ಕೊಂಡು ಓಡಾಡಿದೀನಿ ಕಣೋ, ನಾನೇನು ಮಗೂನ ಕೈಬಿಡ್ತೀನಾ?" ಅಂದ್ರು. ನಾನು ಕೂತು ಲೆಕ್ಕ ತೋರಿಸ್ದೆ. 50 ಕಿಮೀ ಸ್ಪೀಡಲ್ಲಿರೋ ಕಾರು ಎದುರಿಗೆ ಗುದ್ದಿ ಅರ್ಧ ಮೀಟರ್‌ನಲ್ಲಿ ನಿಂತ್ರೆ ಒಳಗಿರೋ ಎಲ್ಲದ್ರ ಭಾರ ಸುಮಾರು 20 ಪಟ್ಟು ಆದಂಗೆ. 12 ಕೆಜಿ ಮಗು ಆ ಕ್ಷಣಕ್ಕೆ 240 ಕೆಜಿ. "ಅಮ್ಮ, ನೀವು ಬಿಡಲ್ಲ ಅಂತ ಗೊತ್ತು, ಆದ್ರೆ 240 ಕೆಜಿ ಯಾರ ಕೈಲೂ ನಿಲ್ಲಲ್ಲ" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ "ಹಂಗಾದ್ರೆ ನಂಗೂ ಹಿಂದೆ ಬೆಲ್ಟ್ ಬೇಕಲ್ವೇನೋ" ಅಂತ ಅವರೇ ಕೇಳಿದ್ರು. ಹೌದು, ಹಿಂದೆ ಕೂತೋರು ಬೆಲ್ಟ್ ಹಾಕ್ದಿದ್ರೆ ಅದೇ ಭಾರದಲ್ಲಿ ಮುಂದಿನ ಸೀಟಿನವರ ಬೆನ್ನಿಗೆ ಬಂದು ಬೀಳ್ತಾರೆ.

ಸೀಟ್ ತಂದ್ರೆ ಸಾಲಲ್ಲ, ಕಟ್ಟೋದು ಸರಿಯಾಗಿರ್ಬೇಕು. ನಾನು ಮೊದಲ ಆರು ತಿಂಗಳು ಸಡಿಲವಾಗಿ ಕಟ್ಟಿದ್ದೆ. ಬೆಲ್ಟ್ ಹಾದು ಹೋಗೋ ಜಾಗದಲ್ಲಿ ಸೀಟನ್ನ ಹಿಡಿದು ಅಲ್ಲಾಡಿಸಿದ್ರೆ ಒಂದು ಇಂಚಿಗಿಂತ ಜಾಸ್ತಿ ಅಲ್ಲಾಡಬಾರ್ದು, ಮಗುವಿನ ಭುಜದ ಹತ್ರ ಪಟ್ಟಿನ ಎರಡು ಬೆರಳಲ್ಲಿ ಚಿವುಟೋಕೆ ಹೋದ್ರೆ ಮಡಿಕೆ ಸಿಗಬಾರ್ದು. ದಪ್ಪ ಜಾಕೆಟ್ ಬಿಚ್ಚಿ ಪಟ್ಟಿ ಹಾಕಿ, ಬೇಕಾದ್ರೆ ಮೇಲಿಂದ ಹೊದಿಸಿ. ಈಗ ಮಗನಿಗೆ 2 ವರ್ಷ, ಅವನು ಇನ್ನೂ ಹಿಮ್ಮುಖವಾಗೇ ಕೂರ್ತಾನೆ. ಸಣ್ಣ ಮಕ್ಕಳ ತಲೆ ದೊಡ್ಡದು, ಕತ್ತು ಎಳಸು, ಮುಂದಕ್ಕೆ ಮುಖ ಮಾಡಿ ಕೂತಾಗ ಗುದ್ದಿದ್ರೆ ತಲೆಯ ಎಳೆತ ಪೂರ್ತಿ ಕತ್ತಿನ ಮೇಲೆ ಬೀಳುತ್ತೆ, ಹಿಮ್ಮುಖವಾಗಿದ್ರೆ ಬೆನ್ನು ಪೂರ್ತಿ ಸೀಟಿಗೆ ಒರಗಿರುತ್ತೆ. ವಿಶ್ವಸಂಸ್ಥೆಯ ಆರ್129 ಅನ್ನೋ ಮಕ್ಕಳ ಸೀಟಿನ ನಿಯಮದಲ್ಲಿ 15 ತಿಂಗಳಾದ್ರೂ ಹಿಮ್ಮುಖ ಇರ್ಲೇಬೇಕು ಅಂತಿದೆ, ಅದು ಕನಿಷ್ಠ, ಸೀಟಿನ ಅಳತೆ ಮೀರೋವರೆಗೂ ಹಂಗೇ ಕೂರಿಸೋದು ಒಳ್ಳೇದು. ಮುಂದಿನ ಸೀಟಲ್ಲಿ ಏರ್‌ಬ್ಯಾಗ್ ಆನ್ ಇದ್ದಾಗ ಹಿಮ್ಮುಖ ಸೀಟ್ ಯಾವತ್ತೂ ಇಡಬೇಡಿ, ಏರ್‌ಬ್ಯಾಗ್ ನೇರ ಮಗುವಿನ ತಲೆ ಹಿಂದೆ ಬಡಿಯುತ್ತೆ.

ಗಾಡಿ ಬಗ್ಗೆ ಬೇಗ ಹೇಳ್ಬಿಡ್ತೀನಿ. ಟೈರ್ ಗಾಳಿ ಹೊರಡೋ ಮುಂಚೆ, ಟೈರ್ ತಣ್ಣಗಿದ್ದಾಗ ನೋಡಿ. ಡ್ರೈವರ್ ಡೋರ್ ಚೌಕಟ್ಟಿನ ಸ್ಟಿಕ್ಕರಲ್ಲಿ ಹೆಚ್ಚಿನ ಕಾರುಗಳಿಗೆ ಎರಡು ಲೆಕ್ಕ ಇರುತ್ತೆ, ಒಂದಿಬ್ರು ಇದ್ದಾಗ ಒಂದು, ಪೂರ್ತಿ ಲೋಡ್ ಇದ್ದಾಗ ಇನ್ನೊಂದು. ನಾನು ವರ್ಷಗಟ್ಲೆ ಮೊದಲನೇದನ್ನೇ ಹಾಕಿಸ್ತಿದ್ದೆ. ಟೈರ್ ಎಷ್ಟು ಹಳೇದು ಅಂತ ತಿಳಿಯೋಕೆ ಅದರ ಪಕ್ಕದಲ್ಲಿ ಅಚ್ಚಾಗಿರೋ ಕೋಡಿನ ಕೊನೇ 4 ಅಂಕಿ ನೋಡಿ, 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು. ಸ್ಟೆಪ್ನಿಗೂ ಗಾಳಿ ನೋಡಿ. ಡಿಕ್ಕಿ ತುಂಬಿದ್ರೆ ಕಾರಿನ ಮೂತಿ ಮೇಲೆದ್ದು ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ, ಸ್ಟೇರಿಂಗ್ ಆಸುಪಾಸಲ್ಲಿ 0ಯಿಂದ 3ರವರೆಗೆ ಇರೋ ಗುಂಡಿ ತಿರುಗಿಸಿ ಲೈಟ್ ಕೆಳಗಿಳಿಸ್ಬೋದು. ಭಾರದ ಸಾಮಾನು ಡಿಕ್ಕಿಯಲ್ಲಿ ತಳಕ್ಕೆ, ಸೀಟಿಗೆ ಆನಿಸಿ ಇಡಿ. ಹಿಂದಿನ ಗ್ಲಾಸ್ ಹತ್ರ ಏನೂ ಬೇಡ, ಸ್ಟೀಲ್ ನೀರಿನ ಬಾಟಲ್ ಕೂಡ ಬೇಡ, ಮೇಲೆ ಹೇಳಿದ 20 ಪಟ್ಟಿನ ಲೆಕ್ಕ ಅದಕ್ಕೂ ಅನ್ವಯಿಸುತ್ತೆ.

ಮಕ್ಕಳು ಅತ್ತಾಗ, ವಾಂತಿ ಬಂದಾಗ, ಆಟಿಕೆ ಬಿದ್ದಾಗ ಓಡಿಸೋರು ಹಿಂದಕ್ಕೆ ತಿರುಗೋದು ನಮ್ಮಲ್ಲಿ ಪೂರ್ತಿ ಬಂದ್. ಮಗಳಿಗೆ ಮೊದಲೇ ಹೇಳಿದೀನಿ, "ಅಪ್ಪ ಓಡಿಸುವಾಗ ಅಪ್ಪ ತಿರುಗಲ್ಲ ಪುಟ್ಟಿ, ಏನೇ ಇದ್ರೂ ಅಜ್ಜಿಗೆ ಹೇಳು". ಒಂದೊಂದ್ಸಲ ಹತ್ತು ನಿಮಿಷ ಅಳ್ತಾನೇ ಇರ್ತಾನೆ ಸಣ್ಣೋನು, ಹೊಟ್ಟೆ ಕಿವುಚುತ್ತೆ, ಆದ್ರೂ ಜಾಗ ಸಿಗೋವರೆಗೆ ಕಣ್ಣು ರಸ್ತೆ ಮೇಲೆ. ನಿಲ್ಲಿಸಿದಾಗ ಎಷ್ಟೇ ಸಣ್ಣ ಕೆಲಸ ಇರ್ಲಿ, ಮಕ್ಕಳನ್ನ ಕಾರಲ್ಲಿ ಬಿಟ್ಟು ಹೋಗಲ್ಲ. ಬಿಸಿಲಲ್ಲಿ ನಿಂತ ಕಾರೊಳಗೆ 10 ನಿಮಿಷದಲ್ಲೇ 10 ಡಿಗ್ರಿ ಹತ್ತಿರ ಏರುತ್ತೆ, ಗ್ಲಾಸ್ ಸ್ವಲ್ಪ ಇಳಿಸಿದ್ರೂ ಅಂಥ ವ್ಯತ್ಯಾಸ ಏನಾಗಲ್ಲ.

ಒಂದ್ಸಲ ಹೆದ್ದಾರಿಲಿ ಕಾರು ಕೆಟ್ಟು ನಿಂತಾಗ ಕಲಿತಿದ್ದು, ಜನ ಮೊದ್ಲು, ಕಾರು ಆಮೇಲೆ. ಹಜಾರ್ಡ್ ಲೈಟ್ ಹಾಕಿ, ಟ್ರಾಫಿಕ್ ಇಲ್ದಿರೋ ಕಡೆ ಬಾಗಿಲಿಂದ ಎಲ್ಲರೂ ಇಳಿದು, ತಡೆಗೋಡೆ ಆಚೆ ಹೋಗಿ, ಕಾರಿಗಿಂತ ಹಿಂದೆ ನಿಂತ್ಕೊಳ್ಳಿ, ಅಂದ್ರೆ ಗಾಡಿಗಳು ಬರೋ ದಿಕ್ಕಲ್ಲಿ. ಮುಂದೆ ನಿಂತ್ರೆ ಯಾರಾದ್ರೂ ಗುದ್ದಿದಾಗ ನಮ್ಮ ಕಾರೇ ನಮ್ಮ ಮೇಲೆ ಬರುತ್ತೆ. ಹೋಗೋ ಜಾಗದ ಎಮರ್ಜೆನ್ಸಿ ನಂಬರ್ ಹೊರಡೋ ಮುಂಚೆನೇ ನೋಡ್ಕೊಳ್ಳಿ, ಬಹಳ ದೇಶಗಳಲ್ಲಿ 112 ನಡೆಯುತ್ತೆ. ಮಗಳಿಗೂ ಬಾಯಿಪಾಠ ಮಾಡ್ಸಿದೀನಿ.

ಹೋದ ತಿಂಗಳು ಹೊರಟಾಗ ದಾರೀಲಿ ಜೋರು ಮಳೆ, ವೈಪರ್ ಫುಲ್ ಹಾಕಿದ್ರೂ ಮುಂದಿನ ಗಾಡಿ ಕಾಣಲಿಲ್ಲ. ಪೆಟ್ರೋಲ್ ಬಂಕಿಗೆ ಹಾಕಿ ನಿಲ್ಲಿಸಿದ್ವಿ, ಒಂದು ಗಂಟೆ ಆಯ್ತು, ಎರಡಾಯ್ತು, ಮಳೆ ಬಿಡ್ಲಿಲ್ಲ. ಫೋನ್ ಬಂತು, "ಎಲ್ಲಿದ್ದೀರಾ, ಯಾವಾಗ ಬರ್ತೀರಾ?" ಅಂತ. ನಾನು ಬಾಯಿ ತೆಗೆಯೋ ಮುಂಚೆ ಅಮ್ಮ ಫೋನ್ ಇಸ್ಕೊಂಡು, "ಬಂದಾಗ ಬರ್ತೀವಿ ಕಣಮ್ಮ, ನೀವು ಊಟ ಮಾಡಿ ಮಲಗಿ" ಅಂತ ಹೇಳಿ ಇಟ್ರು. ಆ ರಾತ್ರಿ ಪಕ್ಕದಲ್ಲೇ ಒಂದು ರೂಮ್ ಹಿಡಿದು ಉಳ್ಕೊಂಡ್ವಿ, ಮಾರನೇ ದಿನ ಮಧ್ಯಾಹ್ನ ತಲುಪಿದ್ವಿ.