ಬೆನ್ನಿನ ಠಸ್ಸೆ ಓದಿ ಬೆಳ್ಳಿ ನಾಣ್ಯದ ಅಸಲಿ-ನಕಲಿ ಹಿಡಿದಿದ್ದು: ನನ್ನ ಅನುಭವ

ಮೊನ್ನೆ ನಾಣ್ಯ ಮೇಳದಲ್ಲಿ ಒಂದು ಮೇಜಿನ ಮೇಲೆ ಅವಳಿ ಸಿಕ್ಕಿತು. ಎರಡು ವರ್ಷದ ಹಿಂದೆ ನಾನು ನಕಲಿ ಅಂದಿದ್ದ ಪಂಚ್ ಮಾರ್ಕ್ ನಾಣ್ಯದ, ಅಂದರೆ ಚಿಹ್ನೆಗಳ ಠಸ್ಸೆ ಹೊಡೆದ ಹಳೇ ಬೆಳ್ಳಿ ನಾಣ್ಯದ, ಅವಳಿ. ಅದೇ ಐದು ಚಿಹ್ನೆ, ಅದೇ ಕತ್ತರಿಸಿದ ಮೂಲೆ, ಸೂರ್ಯನ ಪಕ್ಕದಿಂದ ಅಂಚಿಗೆ ಓಡುವ ಅದೇ ಸೀಳು. ತಗಡು ಕತ್ತರಿಸಿ, ಒಂದೊಂದೇ ಠಸ್ಸೆ ಕೈಯಲ್ಲಿ ಹೊಡೆದ ನಾಣ್ಯಗಳು ಎರಡು ಹೀಗೆ ಒಂದೇ ಥರ ಇರೋಕೆ ಸಾಧ್ಯವೇ ಇಲ್ಲ. ಎರಕ ಹೊಯ್ದಿದ್ದು. ಆವತ್ತು ನನ್ನ ಮಾತು ನಂಬದೇ ಇದ್ದ ಗೆಳೆಯರಲ್ಲಿ ಇಬ್ಬರು ಪಕ್ಕದಲ್ಲೇ ನಿಂತಿದ್ದರು. ಇನ್ನು ಬರೆಯಬಹುದು ಅನ್ನಿಸಿತು.

ನಾನು ಹೇಳುತ್ತಿರುವುದು ಮಗಧ-ಮೌರ್ಯರ ಬೆಳ್ಳಿ ಕಾರ್ಷಾಪಣದ ಬಗ್ಗೆ. ನಮ್ಮ ಮಸ್ಕಿ, ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕೆತ್ತಿದ ಕಾಲಕ್ಕೆ ಓಡಾಡುತ್ತಿದ್ದ ದುಡ್ಡು. ಎಲ್ಲರೂ ಮುಂದಿನ ಐದು ಚಿಹ್ನೆ ನೋಡಿ, ಕ್ಯಾಟಲಾಗ್‌ಗೆ ಹೊಂದಿಸಿ, ಸರಿ ಇದೆ ಅಂತ ಇಟ್ಟುಬಿಡುತ್ತಾರೆ. ನಾನು ಮೊದಲು ಬೆನ್ನು ತಿರುಗಿಸುತ್ತೇನೆ. ಅಲ್ಲಿ ನಾಣ್ಯ ಪರೀಕ್ಷಿಸುವ ಚಿನಿವಾರರು ಹೊಡೆದ ಸಣ್ಣ ಠಸ್ಸೆಗಳಿವೆಯಲ್ಲ, ಅವು ಒಂದೇ ದಿನ ಬಿದ್ದವಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವೆ ನಾಣ್ಯ ಕೈಯಿಂದ ಕೈಗೆ ಹೋಗಿ ಸವೆದಿರುತ್ತದೆ. ಹಾಗಾಗಿ ಒಂದೊಂದು ಠಸ್ಸೆಗೆ ಒಂದೊಂದು ವಯಸ್ಸು. ಎರಕದಲ್ಲಿ ಎಲ್ಲಕ್ಕೂ ಒಂದೇ ವಯಸ್ಸು, ಎಲ್ಲದರ ಅಂಚೂ ಸಾಬೂನಿನ ಹಾಗೆ ಜಾರುತ್ತದೆ.

ಇದನ್ನು ಕಲಿಯೋಕೆ ದುಡ್ಡು ಚೆನ್ನಾಗಿಯೇ ಹೋಯಿತು. ಮೊದಲ ಸಲ ಹದಿನಾಲ್ಕು ನಾಣ್ಯದ ಒಂದು ಲಾಟು ತಗೊಂಡೆ, ಹದಿಮೂರು ಸಾವಿರದ ಹತ್ತಿರ. ಅದರಲ್ಲಿ ಐದು ನಕಲಿ. ಅಕ್ಕಸಾಲಿ ಹತ್ತಿರ ಒರೆಗಲ್ಲಿಗೆ ಹಚ್ಚಿಸಿದ್ದೆ, ಎಲ್ಲವೂ ಬೆಳ್ಳಿಯೇ. ನಕಲಿ ಮಾಡುವವರೂ ಬೆಳ್ಳಿಯನ್ನೇ ಕರಗಿಸುತ್ತಾರೆ, ಅದು ಆಮೇಲೆ ಹೊಳೆಯಿತು. ಹಾಲ್‌ಮಾರ್ಕ್ ಅಂಗಡಿಯ ಮಷಿನ್‌ನಲ್ಲೂ ನೋಡಿಸಿದೆ. ಒಂದೇ ನಾಣ್ಯ ಮುಂದೆ ತೊಂಬತ್ತರ ಮೇಲೆ, ಬೆನ್ನಿಗೆ ಎಂಬತ್ತರ ಸುಮಾರು ತೋರಿಸಿತು. ಮಣ್ಣಲ್ಲಿದ್ದ ನಾಣ್ಯದ ಮೈಮೇಲಿನ ತಾಮ್ರ ಹೋಗಿ ಬೆಳ್ಳಿ ಉಳಿದಿರುತ್ತದೆ, ಮಷಿನ್ ನೋಡುವುದು ಮೈಯನ್ನಷ್ಟೇ.

ಆಮೇಲೆ ನೀರಲ್ಲಿ ತೂಗಿ ಸಾಂದ್ರತೆ ನೋಡಲು ಹೋದೆ, ಅಂದರೆ ನಾಣ್ಯದ ತೂಕವನ್ನು ಅದು ತಳ್ಳುವ ನೀರಿನ ತೂಕದಿಂದ ಭಾಗಿಸುವುದು. ಇಲ್ಲಿ ತುಂಬಾ ಜನ ಎಡವುತ್ತಾರೆ. ನನ್ನ ಹಳೇ ತಕ್ಕಡಿ 0.01 ಗ್ರಾಂನದು. ಮೂರೂವರೆ ಗ್ರಾಂ ಒಳಗಿನ ನಾಣ್ಯ ಪಕ್ಕಕ್ಕೆ ತಳ್ಳುವ ನೀರು ಸುಮಾರು 0.33 ಗ್ರಾಂ. ಕೊನೆಯ ಅಂಕಿ ಒಂದು ಆಚೀಚೆ ಆದರೂ ಉತ್ತರ 10.0 ಆಗಬಹುದು, 10.6 ಆಗಬಹುದು. ಆ ಲೆಕ್ಕ ನಂಬಿ ಒಂದು ಒಳ್ಳೇ ನಾಣ್ಯ ವಾಪಸ್ ಕೊಟ್ಟೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಎರಡು ಸಾವಿರದ ಆಸುಪಾಸು ಕೊಟ್ಟು 0.001ರ ತಕ್ಕಡಿ ತಂದ ಮೇಲೆ ಅಂಕಿಗಳು ಒಂದು ಕಡೆ ನಿಂತವು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಇಲ್ಲದಿದ್ದರೆ ಠಸ್ಸೆಯ ಗುಳಿಯಲ್ಲಿ ಗಾಳಿ ಕೂರುತ್ತದೆ. ನನ್ನ ಒಳ್ಳೇ ನಾಣ್ಯಗಳು ಹೆಚ್ಚಾಗಿ 10.1ರ ಅಕ್ಕಪಕ್ಕ. ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್ ಎಂಟೂವರೆ ಮೇಲೆ ನಿಂತುಬಿಡುತ್ತದೆ, ಅದು ಅಲ್ಲೇ ಸಿಕ್ಕಿಬೀಳುತ್ತದೆ. ಒಳ್ಳೇ ಬೆಳ್ಳಿಯ ಎರಕ ಮಾತ್ರ ಇದರಲ್ಲೂ ಪಾಸು.

ಹಾಗಾಗಿ ಮತ್ತೆ ಬೆನ್ನಿಗೇ ಬಂದೆ. ಗಣಿತಜ್ಞ ಡಿ. ಡಿ. ಕೋಸಂಬಿ ತಕ್ಷಶಿಲೆಯ ರಾಶಿಯ ನಾಣ್ಯಗಳನ್ನು ತೂಗಿ, ಬೆನ್ನ ಮೇಲೆ ಗುರುತು ಜಾಸ್ತಿ ಆದಷ್ಟೂ ಸರಾಸರಿ ತೂಕ ಕಡಿಮೆ ಆಗುತ್ತದೆ ಅಂತ ತೋರಿಸಿದ್ದರಲ್ಲ, ನನಗೆ ದಾರಿ ಕೊಟ್ಟಿದ್ದು ಅದು. ಬೆನ್ನಲ್ಲಿ ಏಳೆಂಟು ಠಸ್ಸೆ, ತೂಕ ಮಾತ್ರ ತುಂಬಿದ 3.5 ಗ್ರಾಂ ಅಂದರೆ ನನಗೆ ಅನುಮಾನ ಶುರು.

ತೂಕ ಅಂದಾಗ ನೆನಪಾಯಿತು. ಕಾರ್ಷಾಪಣಕ್ಕೆ 32 ಗುಲಗಂಜಿ ಅನ್ನುತ್ತಾರಲ್ಲ, ಸುಮ್ನೆ ನೋಡೋಣ ಅಂತ ಬೇಲಿಯಿಂದ ಗುಲಗಂಜಿ ಕಿತ್ತು ತಂದು ತೂಗಿದೆ. ಒಂದು ಕಂತೆ 3.3, ಇನ್ನೊಂದು 3.7 ಬಂತು ಅಂತ ನೆನಪು. ಆರಿಸಿ ಆರಿಸಿ ಒಂದೇ ಗಾತ್ರದವು ಹಾಕಿದರೆ ಹತ್ತಿರ ಬರುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಬೀಜ ವಿಷ.

ಇದಕ್ಕಿಂತ ಉಪಯೋಗಕ್ಕೆ ಬಂದಿದ್ದು ಮೊಳೆ ಪ್ರಯೋಗ. ಅಕ್ಕಸಾಲಿಯಿಂದ ಎಂಟು ಹತ್ತು ಗ್ರಾಂ ಬೆಳ್ಳಿ ತಗಡು ತಂದು, ದಪ್ಪ ಮೊಳೆಯ ತುದಿಯನ್ನು ಅರದಲ್ಲಿ ಉಜ್ಜಿ ಠಸ್ಸೆ ಮಾಡಿ ಹೊಡೆದೆ. ಮೊದಲ ಗುಳಿಯ ಪಕ್ಕದಲ್ಲೇ ಎರಡನೆಯದು ಬಿದ್ದಾಗ ಮೊದಲನೆಯದರ ಗೋಡೆ ಒಳಕ್ಕೆ ವಾಲುತ್ತದೆ. ಅಂಚಿನ ಹತ್ತಿರ ಹೊಡೆದರೆ ಅಂಚು ಹೊರಕ್ಕೆ ಉಬ್ಬುತ್ತದೆ. ಮರದ ಮೇಲಿಟ್ಟು ಹೊಡೆದರೆ ಹಿಂಬದಿ ಉಬ್ಬು, ಅಡಿಗಲ್ಲಿನ ಮೇಲಾದರೆ ಚಪ್ಪಟೆ. ಈ ವಾಲಿದ ಗೋಡೆ ಕಣ್ಣಿಗೆ ಕೂತರೆ ಯಾವ ಠಸ್ಸೆ ಮೊದಲು, ಯಾವುದು ಆಮೇಲೆ ಅಂತ ಓದಬಹುದು. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಮೇಜಿನ ಮಟ್ಟಕ್ಕೆ ಮಲಗಿಸಿ ನೋಡಿ.

ಈಗ ಎಲ್ಲರೂ ಬೇಡ ಅಂದ ನಾಣ್ಯಕ್ಕೆ ಬರುತ್ತೇನೆ. 3.2 ಗ್ರಾಂ ಚಿಲ್ಲರೆ, ಬೆನ್ನಲ್ಲಿ ಏಳು ಠಸ್ಸೆ. ಆರು ಸವೆದಿವೆ, ಒಂದು ಮಾತ್ರ ಚೂಪಾಗಿದೆ. ನಮ್ಮ ಬಳಗದ ಹಿರಿಯರೊಬ್ಬರು "ಬಿಟ್ಬಿಡಪ್ಪ, ಬೆಲೆ ಏರಿಸೋಕೆ ಈಚೆಗೆ ಯಾರೋ ಹೊಡೆದಿದ್ದು" ಅಂದರು. ನಾನು ಒಂಬೈನೂರಕ್ಕೆ ತಗೊಂಡೆ. ಲೆನ್ಸ್ ಅಡಿಯಲ್ಲಿ ನೋಡಿದರೆ ಆ ಚೂಪು ಠಸ್ಸೆಯ ತಳದಲ್ಲಿ ಬೂದು ನೇರಳೆ ಬಣ್ಣದ ಹಾರ್ನ್ ಸಿಲ್ವರ್ ಪದರ, ಅಂದರೆ ಬೆಳ್ಳಿ ಮಣ್ಣಲ್ಲಿ ಬಹುಕಾಲ ಇದ್ದಾಗ ಮೈಮೇಲೆ ಕಟ್ಟುವ ಬೆಳ್ಳಿ ಕ್ಲೋರೈಡ್. ಅದು ಗುಳಿಯೊಳಗಿಂದ ಗೋಡೆ ಹತ್ತಿ, ಅಂಚು ದಾಟಿ, ಹೊರಗಿನ ಮೈಗೆ ಎಲ್ಲೂ ಮುರಿಯದೆ ಹಬ್ಬಿದೆ. ಈಚೆಗೆ ಹೊಡೆದಿದ್ದರೆ ಆ ಪದರ ಅಂಚಿನಲ್ಲಿ ಒಡೆದು ಒಳಗೆ ಬಿಳಿ ಬೆಳ್ಳಿ ಕಾಣಬೇಕಿತ್ತು, ಅಲ್ವಾ? ಅಂದರೆ ಈ ಠಸ್ಸೆ ನಾಣ್ಯ ಮಣ್ಣಿಗೆ ಬೀಳುವ ಮೊದಲಿನದು, ಕೊನೆಯ ಚಿನಿವಾರನದು. ಅದು ಬಿದ್ದ ಮೇಲೆ ಜಾಸ್ತಿ ಓಡಾಡಿಲ್ಲ, ಅದಕ್ಕೇ ಚೂಪು.

ಬೂದಿ, ಗೋಂದು ಮೆತ್ತಿ ಪದರ ಮಾಡುವವರೂ ಇದ್ದಾರೆ. ಅಂಥವುಗಳಲ್ಲಿ ಕೆಲವು ಅಸಿಟೋನ್‌ಗೆ ಬಿಡುತ್ತವೆ. ಬಿಡದಿದ್ದರೆ ನೋಡುವ ಇನ್ನೊಂದು ಜಾಗ ಇದೆ, ಕತ್ತರಿಸಿದ ಅಂಚಿನ ಮೇಲೆ. ಎಲ್ಲಿ ಅಂತ ಬರೆಯುವುದಿಲ್ಲ, ನಕಲಿ ಮಾಡುವವರೂ ಓದುತ್ತಾರೆ. ಎದುರು ಕೂತರೆ ತೋರಿಸುತ್ತೇನೆ. ಹೊಲದಲ್ಲಿ ಸಿಕ್ಕಿದ್ದು ಅಂತ ಯಾರಾದರೂ ತಂದರೆ ಮಾತ್ರ ಮುಟ್ಟಬೇಡಿ. ನಿಧಿ ಕಾಯ್ದೆ ಇದೆ, ಅದನ್ನು ಸರ್ಕಾರಕ್ಕೆ ತಿಳಿಸಬೇಕು.

ಮೇಳದಲ್ಲಿ ಅವಳಿ ಸಿಕ್ಕ ದಿನ ಆ ಒಂಬೈನೂರರ ನಾಣ್ಯ ಜೇಬಲ್ಲೇ ಇತ್ತು. ಹಿರಿಯರ ಕೈಗೆ ಲೆನ್ಸ್ ಸಮೇತ ಕೊಟ್ಟೆ. ಇಪ್ಪತ್ತು ನಿಮಿಷ ತಿರುಗಿಸಿ ತಿರುಗಿಸಿ ನೋಡಿದರು. "ನೀನು ಹೇಳಿದ್ದೇ ಸರಿ ಕಣಪ್ಪ" ಅಂದು, ನಾಲ್ಕು ಸಾವಿರಕ್ಕೆ ಕೊಡ್ತೀಯಾ ಅಂತ ಕೇಳಿದರು. ಕೊಡಲಿಲ್ಲ.